ಉಮರ್ಗಾದಿಂದ ಉದಗೀರಕ್ಕೆ: ಮದುವೆಯ ನೆವದ ಪಯಣ

ಬಿಸಿಲೇರುವ ಮೊದಲೇ ಊರು ಬಿಡಬೇಕೆಂಬುದು ಹಿಂದಿನ ರಾತ್ರಿಯ ನಿರ್ಧಾರವಾಗಿತ್ತು. ಆದರೆ ಉಮರ್ಗಾದ ಹೆದ್ದಾರಿ ಬದಿಯ ಚಹಾದಂಗಡಿಯ ಮುಂದೆ ನಿಂತಿದ್ದ ಬಾಡಿಗೆಯ ಕ್ರೂಸರ್ ಗಾಡಿ ಕದಲುವಾಗ ಎಂಟೂವರೆ ಗಂಟೆ ದಾಟಿತ್ತು. ಮದುವೆ ಮರುದಿನ. ಹೀಗಾಗಿ ಯಾರಿಗೂ ಅವಸರವಿರಲಿಲ್ಲ. ಗಾಡಿಯಲ್ಲಿದ್ದವರು ನಾಲ್ವರು ಗೆಳೆಯರು. ಉಮರ್ಗಾ ತಾಲೂಕಿನ ಒಂದೇ ಹಳ್ಳಿಯ ಕನ್ನಡ ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕುಳಿತು ಏಳನೆಯ ಇಯತ್ತೆಯವರೆಗೆ ಓದಿದವರು. ಒಬ್ಬರು ಅದೇ ಶಾಲೆಯಲ್ಲಿ ಈಗ ಮಾಸ್ತರರು. ಒಬ್ಬರದು ಉಮರ್ಗಾ ಪೇಟೆಯಲ್ಲಿ ಕಿರಾಣಿ ಅಂಗಡಿ. ಮೂರನೆಯವರು ಕಲಬುರಗಿಯ ಬ್ಯಾಂಕೊಂದರಲ್ಲಿ ನೌಕರರು, ಆಳಂದ ಮಾರ್ಗವಾಗಿ ಹಿಂದಿನ ಸಂಜೆಯೇ ಬಂದು ತಲುಪಿದ್ದರು. ನಾಲ್ಕನೆಯವರು ಊರು ಬಿಡದೆ ತೊಗರಿ, ಸೋಯಾಬೀನ್ ಬೆಳೆದುಕೊಂಡಿರುವ ರೈತರು. ಇವರ ಜೊತೆಗೆ ರೈತರ ತಾಯಿ, ಎಂಬತ್ತರ ಆಯಿ. ಹಿಂದಿನ ಸೀಟಿನಲ್ಲಿ ಚೀಲಗಳ ನಡುವೆ ಕಿರಾಣಿಯವರ ಹತ್ತು ವರ್ಷದ ಮಗ.

ಐದನೆಯ ಗೆಳೆಯ ಉದಗೀರದ ಬೇಳೆಯ ಗಿರಣಿಯಲ್ಲಿ ಮುನೀಮನಾಗಿ ಇಪ್ಪತ್ತು ವರ್ಷಗಳಾದವು. ಅವನ ಮಗಳ ಮದುವೆಗೇ ಈ ಪಯಣ. ಗಂಡಿನ ಕಡೆಯವರು ದೇವಣಿ ತಾಲೂಕಿನವರು, ಮನೆಮಾತು ಮರಾಠಿ. ಇದರಲ್ಲಿ ಹೊಸತೇನಿಲ್ಲ. ಈ ಭಾಗದಲ್ಲಿ ಹೆಣ್ಣು ಕೊಡುವಾಗ ಮನೆತನ ನೋಡುತ್ತಾರೆ, ಹೊಲ ನೋಡುತ್ತಾರೆ, ಮಾತು ಯಾವುದೆಂದು ಕೇಳುವುದು ಕೊನೆಗೆ.

ಗಾಡಿ ಹೆದ್ದಾರಿ ಬಿಟ್ಟು ಕಾಸಾರ ಶಿರಸಿಯ ದಾರಿ ಹಿಡಿದೊಡನೆ ಆಯಿ ಕೇಳಿದರು: "ಈಗ ಕಳದಾರ ಬಂತೇನೋ, ಇನ್ನಾ ಮೊಗಲಾಯಿನೇ ಅದಾ?"

ಎಲ್ಲರೂ ನಕ್ಕರು. ಹುಡುಗನಿಗೆ ಮಾತ್ರ ಎರಡೂ ಶಬ್ದ ತಿಳಿಯಲಿಲ್ಲ. ಅವನಿಗೆ ತಿಳಿಸಿ ಹೇಳುವ ಹೊಣೆ ಮಾಸ್ತರರದಾಯಿತು.

1948ರವರೆಗೆ ಉಮರ್ಗಾ, ನಿಲಂಗಾ, ಉದಗೀರ ಮೂರೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅದಕ್ಕೇ ಜನ ಮೊಗಲಾಯಿ ಎನ್ನುತ್ತಿದ್ದರು. ಪಶ್ಚಿಮಕ್ಕೆ ಸೊಲ್ಲಾಪುರ ಇಂಗ್ಲಿಷರ ಆಳ್ವಿಕೆಯಲ್ಲಿತ್ತು, ಅಕ್ಕಲಕೋಟೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಆ ಕಡೆ ನಡೆಯುತ್ತಿದ್ದದ್ದು ಕಳದಾರ ರೂಪಾಯಿ, ಈ ಕಡೆ ಹಾಲಿ ಸಿಕ್ಕಾ. ಏಳು ಹಾಲಿ ರೂಪಾಯಿಗೆ ಆರು ಕಳದಾರ ಎಂಬುದು ಸರಿಸುಮಾರು ಲೆಕ್ಕ. ಅಂಚೆ ಚೀಟಿ ಬೇರೆ, ಕಚೇರಿಯ ಭಾಷೆ ಉರ್ದು, ಸರಹದ್ದಿನಲ್ಲಿ ಕರೋಡಗಿರಿಯ ನಾಕೆ. ಸರಕು ಒಳಗೆ ಬಂದರೂ ಸುಂಕ, ಹೊರಗೆ ಹೋದರೂ ಸುಂಕ. ಇಂದು ಪರದೇಶಕ್ಕೆ ಮದುವೆಗೆ ಹೋಗುವವರು ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆದು ತೋರಿಸುವಂತೆ, ಅಂದು ಅಕ್ಕಲಕೋಟೆಯ ಕಡೆಯಿಂದ ಉಮರ್ಗಾ ಕಡೆಗೆ ಬರುವ ನಿಬ್ಬಣದ ಬಂಡಿಗಳು ನಾಕೆಯಲ್ಲಿ ನಿಲ್ಲಬೇಕಾಗಿತ್ತು.

ಆಯಿಯ ತಾಯಿ ಹಾಗೆ ಕಳದಾರದಿಂದ ಮೊಗಲಾಯಿಗೆ ಬಂದ ಮದುಮಗಳು. ಹೊಸ ಸೀರೆಗಳನ್ನು ಗಂಟಿನಲ್ಲಿಟ್ಟರೆ ಸುಂಕ ಬಿದ್ದೀತೆಂದು ನಿಬ್ಬಣದ ಹೆಂಗಸರೆಲ್ಲ ಒಂದರ ಮೇಲೊಂದು ಎರಡೆರಡು ಸೀರೆ ಉಟ್ಟು ಬಂದರಂತೆ. ನಾಕೆಯವನು ಬಂಡಿಯೊಳಗೆ ಇಣುಕಿ, ಈ ಮನೆತನದ ಹೆಂಗಸರು ಬಲು ದಪ್ಪ ಎಂದನಂತೆ. ಆಯಿ ಈ ಕತೆಯನ್ನು ಕಾಸಾರ ಶಿರಸಿ ಮುಟ್ಟುವುದರೊಳಗೆ ಎರಡು ಸಲ ಹೇಳಿದರು. ಎರಡನೆಯ ಸಲ ಸೀರೆಗಳು ಮೂರಾಗಿದ್ದವು.

ದಾರಿಯ ಎರಡೂ ಬದಿಗೆ ಕಪ್ಪು ಮಣ್ಣು ಉಳುಮೆಯಾಗಿ ಮಳೆಗೆ ಬಾಯಿ ತೆರೆದು ಬಿದ್ದಿತ್ತು. ಅಲ್ಲಲ್ಲಿ ಅಗಲವಾದ ರಸ್ತೆಗಳ, ಗೆರೆ ಎಳೆದಂತೆ ಸಾಲಾಗಿ ನಿಂತ ಒಂದೇ ಬಗೆಯ ಮನೆಗಳ ಊರುಗಳು ಕಾಣುತ್ತವೆ. ಅವು ಭೂಕಂಪದ ಅನಂತರ ಕಟ್ಟಿದ ಪುನರ್ವಸತಿ ಗ್ರಾಮಗಳು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕಕ್ಕೆ ಕೆಲವೇ ನಿಮಿಷಗಳಿದ್ದಾಗ, ಕಿಲ್ಲಾರಿ, ಸಾಸ್ತೂರು ಮತ್ತು ಸುತ್ತಲಿನ ಹಳ್ಳಿಗಳು ನೆಲಕ್ಕುರುಳಿದವು. ಹಿಂದಿನ ರಾತ್ರಿ ಗಣಪತಿಯನ್ನು ಕಳಿಸಿ ಜನ ದಣಿದು ಮಲಗಿದ್ದರು. ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಭಾರದ ಮಾಳಿಗೆ. ಬೇಸಿಗೆಯಲ್ಲಿ ತಂಪು ಕೊಟ್ಟ ಆ ಮನೆಗಳೇ ಸಾವಿರಾರು ಜನರ ಮೇಲೆ ಕುಸಿದವು. ನಾಲ್ವರೂ ಆಗ ಏಳನೆಯ ಇಯತ್ತೆ. ಶಾಲೆಯ ಗೋಡೆ ಬಿರುಕು ಬಿಟ್ಟಿತ್ತು. ಮೂರು ತಿಂಗಳು ಬೇವಿನ ಮರದ ಕೆಳಗೆ ಪಾಠ ನಡೆಯಿತು. ಅಂದಿನ ಮಾಸ್ತರರ ಹತ್ತಿರದ ಬಂಧುಗಳು ಆ ರಾತ್ರಿ ತೀರಿಹೋಗಿದ್ದರು. ಆದರೂ ಅವರು ಒಂದು ವಾರ ಕಳೆದು ಬಂದು, ಹಾಜರಿ ತೆಗೆದುಕೊಂಡು, ನಿಲ್ಲಿಸಿದ್ದ ಪಾಠವನ್ನೇ ಮುಂದುವರಿಸಿದರು. ಗಾಡಿಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ರೈತರು ಮಾತ್ರ ಒಂದು ಊರಿನ ಕಡೆಗೆ ಕೈ ತೋರಿಸಿ, "ಇದು ಹಳೇ ಊರಲ್ಲ" ಎಂದರು.

ನಿಲಂಗಾದಲ್ಲಿ ಗಾಡಿ ನಿಂತದ್ದು ಹೊಟ್ಟೆಯ ಸಲುವಾಗಿ. ನಿಲಂಗಾ ರೈಸ್ ಎಂಬ ಬಿಸಿ ಮಸಾಲೆ ಅನ್ನ ಈಗ ಊರಿನ ಹೆಸರು ಹೊತ್ತು ದೂರದ ಪಟ್ಟಣಗಳಿಗೂ ಹೋಗಿದೆ. ಆಯಿ ಅದನ್ನು ಮುಟ್ಟದೆ ಸುಸಲಾ ಕೇಳಿದರು. ಅಂಗಡಿಯವನು "ಸುಸಲಾ ಆಹೇ ನಾ ಆಜೀ" ಎಂದು ಮರಾಠಿಯಲ್ಲಿ ಉತ್ತರಿಸಿದ. ತಿನಿಸಿನ ಹೆಸರು ಎರಡೂ ಭಾಷೆಯಲ್ಲಿ ಒಂದೇ ಆದ್ದರಿಂದ ದುಭಾಷಿಯ ಅಗತ್ಯ ಬೀಳಲಿಲ್ಲ.

ಹೊಟ್ಟೆ ತುಂಬಿದ ಮೇಲೆ ನೀಲಕಂಠೇಶ್ವರನ ನೆನಪಾಯಿತು. ಊರೊಳಗಿರುವ ಈ ಕಪ್ಪು ಕಲ್ಲಿನ ಗುಡಿ ಸುಮಾರು 12ನೆಯ ಶತಮಾನದ್ದು. ಮೂರು ಗರ್ಭಗುಡಿಗಳು ಒಂದೇ ಮಂಟಪಕ್ಕೆ ತೆರೆದುಕೊಳ್ಳುವ ತ್ರಿಕೂಟ. ಹೊರಗೋಡೆಯ ಮೇಲೆ ನಿಂತ ಹೆಣ್ಣುಮೂರ್ತಿಗಳ ಬಾಗು ಬಳುಕು ಕಂಡವರಿಗೆ ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳ ನೆನಪಾಗುವುದು ಸಹಜ. ಮರಾಠಿಯಲ್ಲಿ ಇಂತಹ ಗುಡಿಗಳನ್ನೆಲ್ಲ ಹೇಮಾಡಪಂತಿ ಎಂದುಬಿಡುವ ರೂಢಿಯಿದೆ. ಯಾದವರ ಮಂತ್ರಿಯ ಹೆಸರಿನಲ್ಲಿ ಅವನಿಗಿಂತ ಹಿಂದಿನ ಗುಡಿಗಳೂ ಸೇರಿಹೋಗಿವೆ. ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ, ಎಂದರೆ ಇಂದಿನ ಬಸವಕಲ್ಯಾಣ, ಉಮರ್ಗಾದಿಂದ ತಾಸಿನ ದಾರಿಯೂ ಅಲ್ಲ. ಅದಕ್ಕೂ ಹಿಂದೆ ರಾಷ್ಟ್ರಕೂಟರು ತಮ್ಮನ್ನು ಲತ್ತಲೂರಿನ ಒಡೆಯರೆಂದು ಶಾಸನಗಳಲ್ಲಿ ಕರೆದುಕೊಂಡರು. ಆ ಲತ್ತಲೂರೇ ಇಂದಿನ ಲಾತೂರು ಎಂದು ವಿದ್ವಾಂಸರು ಗುರುತಿಸುತ್ತಾರೆ. ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿರಾಜಮಾರ್ಗ ಕನ್ನಡ ನಾಡಿನ ಮೇರೆ ಹೇಳಿದಾಗ ಈ ನೆಲ ಅಂಚಾಗಿರಲಿಲ್ಲ, ಒಳನಾಡಾಗಿತ್ತು. ಹಾಗೆಂದು ಹಳೆಯ ಮೇರೆಯನ್ನು ಇಂದಿನ ನಕ್ಷೆಯ ಮೇಲಿಟ್ಟು ಜಗಳಕ್ಕೆ ನಿಲ್ಲುವುದು ಬುದ್ಧಿವಂತಿಕೆಯಲ್ಲ. ಮಾಸ್ತರರು ಹುಡುಗನಿಗೆ ಹೇಳಿದ್ದೂ ಇಷ್ಟೇ: ಗುಡಿ ಕಟ್ಟಿದವರ ಮಾತು ನಿನ್ನ ಮಾತಿಗೆ ದೂರದ್ದಲ್ಲ.

ಔರಾದ ಶಹಾಜನಿಯ ಹತ್ತಿರ ಬ್ಯಾಂಕಿನವರಿಗೆ ನಗೆ ಬಂತು. ಲಗ್ನಪತ್ರಿಕೆಗಳಲ್ಲಿ ಒಂದು ಬೀದರ ಜಿಲ್ಲೆಯ ಔರಾದಿಗೆ ಹೋಗಿ ಅಲ್ಲಿಂದ ತಿರುಗಿ ಬಂದಿತ್ತಂತೆ. ಎರಡು ರಾಜ್ಯಗಳಲ್ಲಿ ಎರಡು ಔರಾದಗಳಿವೆ. 1956ಕ್ಕೆ ಮೊದಲು ಎರಡೂ ಒಂದೇ ಜಿಲ್ಲೆಯಲ್ಲಿದ್ದವು.

ಈ ಸಂಗತಿ ಇಂದಿನ ಮಕ್ಕಳಿಗಿರಲಿ, ದೊಡ್ಡವರಿಗೂ ಮರೆತಿದೆ. ನಿಲಂಗಾ, ಉದಗೀರ ಮತ್ತು ಅಹ್ಮದಪುರ ಬೀದರ ಜಿಲ್ಲೆಯ ತಾಲೂಕುಗಳು. ಕೋರ್ಟಿನ ದಾವೆಗಾಗಲಿ ಕಲೆಕ್ಟರ ಕಚೇರಿಗಾಗಲಿ ಉದಗೀರದವರು ಬೀದರಿಗೆ ಹೋಗುತ್ತಿದ್ದರು. 1956ರ ರಾಜ್ಯ ಪುನರ್ವಿಂಗಡಣಾ ಕಾನೂನು ಬೀದರ ಜಿಲ್ಲೆಯನ್ನು ಮೂರು ಪಾಲು ಮಾಡಿತು. ಈ ಮೂರು ತಾಲೂಕುಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡಗಳ ಕಡೆಯ ಭಾಗ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಉಮರ್ಗಾ ಮೊದಲಿನಿಂದಲೂ ಉಸ್ಮಾನಾಬಾದ್ ಜಿಲ್ಲೆಯದು. ಅದು ಇಡಿಯಾಗಿ ಮುಂಬಯಿಗೆ ಹೋಯಿತು. 1960ರಲ್ಲಿ ಮಹಾರಾಷ್ಟ್ರವಾಯಿತು. 1982ರಲ್ಲಿ ಲಾತೂರು ಜಿಲ್ಲೆ ಹುಟ್ಟಿ ನಿಲಂಗಾ, ಉದಗೀರ ಅದಕ್ಕೆ ಸೇರಿದವು. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಬಗ್ಗೆ ಹೇಳಿತು. ಗಡಿ ವಾದದ ಮಾತೆತ್ತಿದರೆ ಈ ಹೆಸರುಗಳೇ ಕೇಳಿಬರುತ್ತವೆ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆಯಲ್ಲಿಯೂ ಬೆಳಗಾವಿಯ ಹೆಸರೇ ಮುಂದು. ಉಮರ್ಗಾ, ನಿಲಂಗಾ, ಉದಗೀರದ ಕನ್ನಡ ಮನೆಗಳು ಯಾರ ವಾದದಲ್ಲಿಯೂ ಮುಂದಿನ ಸಾಲಿನಲ್ಲಿಲ್ಲ. ಅದರಿಂದ ಒಂದು ಸುಖವೂ ಇದೆ. ಇಲ್ಲಿ ಬಸ್ಸಿಗೆ ಮಸಿ ಬಳಿಯುವವರು ಕಡಿಮೆ.

ದುಃಖ ಬೇರೆ ಬಗೆಯದು. ಅದನ್ನು ಕಿರಾಣಿಯವರು ಮಾಂಜ್ರಾ ನದಿಯ ಸೇತುವೆ ದಾಟುವಾಗ ಹೊರಗೆ ಹಾಕಿದರು.

ಅವರ ಹಿರಿಯ ಮಗಳು ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ವಿಜ್ಞಾನ ಮುಗಿಸಿ, ಕರ್ನಾಟಕದ ಸಿ.ಇ.ಟಿ. ಬರೆದಳು. ಗಡಿನಾಡ ಕನ್ನಡಿಗರಿಗೆ ಅಲ್ಲಿ ಅವಕಾಶವಿದೆ ಎಂದು ಕೇಳಿದ್ದರಿಂದ ಅರ್ಜಿಯಲ್ಲಿ ಗಡಿನಾಡ ಕನ್ನಡಿಗ ಎಂದು ತುಂಬಿದರು. ದಾಖಲೆ ಪರಿಶೀಲನೆಯ ದಿನ ಮೇಜಿನ ಆಚೆ ಕುಳಿತವರು ಪುಸ್ತಿಕೆ ತೆರೆದು ತೋರಿಸಿದರು. ಆ ಕಲಮಿನಲ್ಲಿರುವ ಹೆಸರುಗಳು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಮತ್ತು ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಉಮರ್ಗಾ ಇಲ್ಲ. ಅದು ತಿಳಿಯುವ ಹೊತ್ತಿಗೆ ಆ ವರ್ಷ ಕೈಬಿಟ್ಟಿತ್ತು. ಮಗಳು ಈಗ ಲಾತೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ.

"ಸಾಲೀ ಕಲಿಸಿದ್ದು ಕನ್ನಡದಾಗ. ಗಡೀ ಮ್ಯಾಲೆ ಇರೋದು ಖರೇ. ಕಾಗದದಾಗ ಮಾತ್ರ ನಾವು ಗಡಿನಾಡಿನವರಲ್ಲ" ಎಂದು ಅವರು ನಕ್ಕರು. ಆ ನಗೆಯಲ್ಲಿ ಯಾರೂ ಪಾಲುಗೊಳ್ಳಲಿಲ್ಲ.

ಮಕ್ಕಳನ್ನು ಸಿ.ಇ.ಟಿ.ಗೆ ಕೂಡಿಸುವ ಮನೆಗಳು ಪ್ರತಿವರ್ಷದ ಮಾಹಿತಿ ಪುಸ್ತಿಕೆಯ ಕಲಮುಗಳನ್ನು ಮೊದಲು ಓದಿ, ಏಳು ವರ್ಷ ಎಲ್ಲಿ ಓದಿದ್ದು, ಎಲ್ಲಿ ವಾಸವಿದ್ದದ್ದು ಎಂಬ ದಾಖಲೆಗಳನ್ನು ಕೂಡಿಸಿಟ್ಟುಕೊಂಡು, ಅನಂತರ ಅರ್ಜಿ ತುಂಬುವುದು ಒಳ್ಳೆಯದು. ಕೇಳಿದ ಮಾತು ಕಲಮಾಗುವುದಿಲ್ಲ.

ಬ್ಯಾಂಕಿನವರು ಈ ಹೊತ್ತಿನಲ್ಲಿ ಸುಮ್ಮನಿರಬಹುದಿತ್ತು. ಅವರ ಮಕ್ಕಳು ಕಲಬುರಗಿಯಲ್ಲಿ ಹುಟ್ಟಿದವರು. ಸಂವಿಧಾನದ 371ಜೆ ವಿಧಿ, 2012ರ ತೊಂಬತ್ತೆಂಟನೆಯ ತಿದ್ದುಪಡಿಯಿಂದ ಬಂದದ್ದು, ಆ ಭಾಗದ ಮಕ್ಕಳಿಗೆ ಅಲ್ಲಿಯ ಕಾಲೇಜುಗಳಲ್ಲಿ ನೂರಕ್ಕೆ 70 ಸ್ಥಾನ ಕಾಯ್ದಿಡಲು ದಾರಿ ಮಾಡಿತು. ಬೀದರಿಗೆ ಅದು ಸಿಕ್ಕಿತು. ಬೀದರದ್ದೇ ಆಗಿದ್ದ ಉದಗೀರಕ್ಕೆ ಇಲ್ಲ. ಮರಾಠವಾಡಾಕ್ಕೆ ಸಂವಿಧಾನದ 371ನೆಯ ವಿಧಿಯಲ್ಲಿ ಅಭಿವೃದ್ಧಿ ಮಂಡಳಿಯ ಮಾತಿದೆ, ಅದು ಬೇರೆ ಕತೆ. ಒಂದೇ ನಿಜಾಮನ ಆಳ್ವಿಕೆಯಿಂದ ಒಂದೇ ದಿನ, 1948ರ ಸೆಪ್ಟೆಂಬರ್ 17ರಂದು ಬಿಡುಗಡೆಯಾದ ಎರಡು ಊರುಗಳು ಆ ದಿನವನ್ನು ಈಗ ಎರಡು ಹೆಸರಿನಲ್ಲಿ ಆಚರಿಸುತ್ತವೆ. ಈ ಕಡೆ ಮರಾಠವಾಡಾ ಮುಕ್ತಿಸಂಗ್ರಾಮ ದಿನ, ಆ ಕಡೆ ಕಲ್ಯಾಣ ಕರ್ನಾಟಕ ಉತ್ಸವ. ಬ್ಯಾಂಕಿನವರು ಇದನ್ನೆಲ್ಲ ವಿವರಿಸಿ, "ನಮ್ಮ ಹುಡುಗ್ರಿಗೆ ಅನುಕೂಲ ಅದ, ಆದರ ಅವರು ಇಂಗ್ಲಿಷ್ ಸಾಲ್ಯಾಗ ಇದ್ದಾರ, ಕನ್ನಡ ಓದಾಕ ತಡವರಿಸ್ತಾರ" ಎಂದು ಒಪ್ಪಿಕೊಂಡರು. ಸೇತುವೆಯ ಕೆಳಗೆ ಮಾಂಜ್ರಾ ಮರಳಾಗಿ ಬಿದ್ದಿತ್ತು. ಈ ನದಿಯೇ ಮುಂದೆ ಬೀದರದ ಕಡೆಗೆ ಹೋಗುತ್ತದೆ.

ಮಾಸ್ತರರು ಮಾತಾಡಲಿಲ್ಲ. ಅವರ ಶಾಲೆಯಲ್ಲಿ ಈ ವರ್ಷ ಉಳಿದಿರುವುದು 19 ಮಕ್ಕಳು. ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಕೂಡಿಸಿ ಸಮೂಹ ಶಾಲೆ ಮಾಡುವ ವಿಚಾರವನ್ನು ರಾಜ್ಯದ ಶಿಕ್ಷಣ ಇಲಾಖೆ 2023ರಲ್ಲಿ ಮುಂದಿಟ್ಟಾಗಿನಿಂದ ಆ ಅಂಕಿ ಅವರ ತಲೆಯಲ್ಲಿ ಕುಳಿತಿದೆ. ಮರಾಠಿ ಶಾಲೆಗಳನ್ನು ಕೂಡಿಸಿದರೆ ಮಕ್ಕಳು ಪಕ್ಕದೂರಿನ ಮರಾಠಿ ಶಾಲೆಗೆ ಹೋದಾರು. ಕನ್ನಡ ಶಾಲೆಯನ್ನು ಕೂಡಿಸಬೇಕಾದದ್ದು ಯಾವುದರ ಜೊತೆಗೆ? ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸತಕ್ಕದ್ದು ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದೂ 1956ರದ್ದೇ, ಗಡಿ ಎಳೆದ ವರ್ಷದಲ್ಲಿಯೇ ಸೇರಿಸಿದ್ದು. ಪುಣೆಯ ಬಾಲಭಾರತಿ 1967ರಿಂದ ಪಠ್ಯಪುಸ್ತಕಗಳನ್ನು ತರುತ್ತಿದೆ, ಅವು ಕನ್ನಡದಲ್ಲಿಯೂ ಬರುತ್ತವೆ. ಪುಸ್ತಕವಿದೆ, ವಿಧಿಯಿದೆ, ಮಾಸ್ತರರಿದ್ದಾರೆ. ಬೇಕಾದದ್ದು ಮಕ್ಕಳು.

ಹತ್ತೊಂಬತ್ತರಲ್ಲಿ ಒಬ್ಬ ಹಿಂದಿನ ಸೀಟಿನಲ್ಲಿ ಕುಳಿತಿದ್ದ. ನಾಲ್ಕನೆಯ ಇಯತ್ತೆ ಮುಗಿಸಿದ್ದ ಅವನನ್ನು ಜೂನಿನಲ್ಲಿ ಉಮರ್ಗಾದ ಇಂಗ್ಲಿಷ್ ಶಾಲೆಗೆ ಸೇರಿಸಬೇಕೆಂಬುದು ಕಿರಾಣಿಯವರ ವಿಚಾರ. ಶಾಲೆ ಬಿಟ್ಟ ದಾಖಲೆ ಕೇಳುವ ಅರ್ಜಿಯನ್ನು ಬರೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡೇ ಅವರು ಗಾಡಿ ಹತ್ತಿದ್ದರು. ಮಾಸ್ತರರಿಗೆ ಕೊಡಲು ಹೊತ್ತು ನೋಡುತ್ತಿದ್ದರು. ಮಾಸ್ತರರಿಗೂ ಅದು ಗೊತ್ತಿತ್ತು. ಒಂದೇ ಚಾಪೆಯ ಮೇಲೆ ಕುಳಿತವರಲ್ಲಿ ಇಂತಹದು ಮುಚ್ಚಿಡಲು ಬರುವುದಿಲ್ಲ.

ದೇವಣಿಯಲ್ಲಿ ಗಾಡಿ ನಿಲ್ಲಿಸಿದ್ದು ರೈತರು. ಎತ್ತಿನ ಒಂದು ಜೋಡಿ ದಾರಿಯಲ್ಲಿ ಕಂಡಿತ್ತು. ದೇವಣಿ ತಳಿಗೆ ಈ ಊರಿನದೇ ಹೆಸರು. ಬೀದರ ಜಿಲ್ಲೆಯ ಒಕ್ಕಲಿಗರೂ ಇದನ್ನು ತಮ್ಮದೇ ಎನ್ನುತ್ತಾರೆ, ತಪ್ಪೇನಿಲ್ಲ. ಮೈಯೆಲ್ಲ ಬಿಳಿಯಾದರೆ ಬಾಲಂಕ್ಯಾ, ಬಿಳಿ ಮೈಗೆ ಮುಖದ ಬದಿಯಲ್ಲಿ ಕಪ್ಪಿದ್ದರೆ ವಾನ್ನೇರಾ, ಬಿಳಿಯ ಮೇಲೆ ಕಪ್ಪು ಮಚ್ಚೆಗಳು ಚೆಲ್ಲಾಡಿದ್ದರೆ ಶೇವೇರಾ. ಉಳುಮೆಗೂ ಬರುತ್ತದೆ, ಹಸು ಹಾಲಿಗೂ ಒದಗುತ್ತದೆ. ರೈತರು ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ಒಡೆಯನ ಜೊತೆ ಅರ್ಧ ತಾಸು ಮಾತಾಡಿದರು. ಒಡೆಯ ಮರಾಠಿ, ಇವರು ಕನ್ನಡ ಬೆರೆಸಿದ ಮರಾಠಿ. ಕೊಳ್ಳುವ ವಿಚಾರ ಇಬ್ಬರಿಗೂ ಇರಲಿಲ್ಲ. ಇಡೀ ಪ್ರಯಾಣದಲ್ಲಿ ಅವರ ಮುಖ ಅರಳಿದ್ದು ಆಗಲೇ.

ಉದಗೀರ ತಲುಪಿದ್ದು ಇಳಿಹೊತ್ತಿನಲ್ಲಿ. ಮದುವೆ ಮನೆಯಲ್ಲಿ ಹಳದಿಯ ಗದ್ದಲ. ಗಂಡಸರಿಗೆ ಅಲ್ಲಿ ಕೆಲಸವಿಲ್ಲವೆಂದು ಹೆಂಗಸರು ಹೊರಗೆ ಅಟ್ಟಿದರು. ನಾಲ್ವರೂ ಹುಡುಗನೊಡನೆ ಕೋಟೆ ನೋಡಲು ಹೋದರು. ಊರಿಗೆ ಅಂಟಿಕೊಂಡಂತಿರುವ ಈ ಕೋಟೆಯ ಸುತ್ತ ಆಳವಾದ ಕಂದಕ, ಒಳಗೆ ಅರಮನೆಯ ಉಳಿಕೆ, ಬಾಗಿಲುಗಳಲ್ಲಿ ಫಾರಸಿ ಬರಹ. ಉದಯಗಿರಿ ಎಂಬ ಋಷಿಯ ಸ್ಥಾನವೂ ಕೋಟೆಯೊಳಗೇ ಇದೆ, ಅವನಿಂದಲೇ ಊರಿಗೆ ಹೆಸರು ಎಂಬುದು ನಂಬಿಕೆ. ಬಹಮನಿ, ಬರೀದಶಾಹಿಗಳ ಕಾಲದಲ್ಲಿ ಬೀದರದ ಜೊತೆಗಿದ್ದ ಕೋಟೆ ಇದು. 1760ರ ಫೆಬ್ರವರಿಯಲ್ಲಿ ಸದಾಶಿವರಾವ ಭಾವೂ ಇಲ್ಲಿ ನಿಜಾಮನ ಸೈನ್ಯವನ್ನು ಸೋಲಿಸಿದ. ಆ ಗೆಲುವಿನ ಹೆಸರೇ ಅವನನ್ನು ಉತ್ತರಕ್ಕೆ ಕಳಿಸಿತು. 1761ರ ಜನವರಿಯಲ್ಲಿ ಪಾಣಿಪತದಲ್ಲಿ ಅವನು ಮಡಿದ. ಉದಗೀರ ಗೆದ್ದು ಒಂದು ವರ್ಷವೂ ತುಂಬಿರಲಿಲ್ಲ.

ಕೋಟೆಗಿಂತ ಹುಡುಗನಿಗೆ ಹಿಡಿಸಿದ್ದು ಊರ ಹೆಸರುಗಳ ಆಟ. ಉದಗೀರದ ಹತ್ತಿರ ಹತ್ತಿಬೇಟ ಎಂಬ ಗುಡ್ಡವಿದೆ, ಗುಹೆಗಳಿವೆ. ಬೇಟ ಎಂದರೆ ಬೆಟ್ಟವೇ ಎಂದು ಮಾಸ್ತರರು ವಾದಿಸಿದರು. ಹತ್ತಿ ಎಂದರೆ ಅರಳೆಯೋ ಎಂದು ಕಿರಾಣಿಯವರು, ಮರಾಠಿಯ ಹತ್ತೀ ಆದರೆ ಆನೆ ಎಂದು ರೈತರು. ಮರಾಠಿಯಲ್ಲಿ ಬೇಟ ಎಂದರೆ ನಡುಗಡ್ಡೆ ಎಂದು ಬ್ಯಾಂಕಿನವರು ನೆನಪಿಸಿದರು. ಅರಳೆಯ ಬೆಟ್ಟವೋ ಆನೆಯ ನಡುಗಡ್ಡೆಯೋ ಎಂದು ಹುಡುಗ ಕೇಳಿದ. ತೀರ್ಪು ಆಗಲಿಲ್ಲ.

2022ರ ಏಪ್ರಿಲ್‌ನಲ್ಲಿ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನದ 95ನೆಯ ಅಧಿವೇಶನ ನಡೆದದ್ದು ಇದೇ ಉದಗೀರದಲ್ಲಿ. ಮುನೀಮರು ಆಗ ಮೂರು ದಿನವೂ ಪುಸ್ತಕದಂಗಡಿಗಳ ಸಾಲಿನಲ್ಲಿ ತಿರುಗಾಡಿದ್ದರಂತೆ. ಮರಾಠಿ ಪುಸ್ತಕ ಕೊಂಡರು, ಕೊಂಡದ್ದನ್ನು ಓದಿಯೂ ಓದಿದರು. ಒಂದು ನುಡಿಯ ಜಾತ್ರೆಯಲ್ಲಿ ಇನ್ನೊಂದು ನುಡಿಯ ಮನುಷ್ಯ ಸಂತೋಷಪಡಬಾರದೆಂದು ಕಾನೂನಿಲ್ಲ.

ಮದುಮಗಳ ಕತೆಯನ್ನು ಹೇಳಬೇಕು. ತಂದೆ ಉದಗೀರಕ್ಕೆ ಬಂದಾಗ ಅವಳು ಚಿಕ್ಕವಳು. ಅಜ್ಜಿಯ ಬಳಿ ಹಳ್ಳಿಯಲ್ಲೇ ಉಳಿದು ಏಳನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದಳು. ಎಂಟನೆಯದಕ್ಕೆ ಉದಗೀರದ ಮರಾಠಿ ಹೈಸ್ಕೂಲು. ಮೊದಲ ಆರು ತಿಂಗಳು ಅಳುತ್ತಲೇ ಹೋದಳಂತೆ. ಹತ್ತನೆಯದರಲ್ಲಿ ಮರಾಠಿ ವಿಷಯಕ್ಕೇ ಅವಳಿಗೆ ಹೆಚ್ಚು ಅಂಕ ಬಂದವು. ಲಗ್ನಪತ್ರಿಕೆ ಒಂದು ಬದಿ ಮರಾಠಿ, ಒಂದು ಬದಿ ಕನ್ನಡವಿರಬೇಕೆಂದು ಹಟ ಹಿಡಿದವಳು ಅವಳೇ. ಕಾರಣ ಸರಳ. ಅಜ್ಜಿಗೆ ಮರಾಠಿ ಓದಲು ಬಾರದು, ತನ್ನ ಹೆಸರನ್ನು ಅಜ್ಜಿ ಓದಬೇಕು. ಕನ್ನಡದ ಬದಿಯನ್ನು ಭಾಲ್ಕಿಯಲ್ಲಿ ಅಚ್ಚು ಮಾಡಿಸಿದರು. ಕರಡನ್ನು ತಿದ್ದಿದವಳೂ ಮದುಮಗಳೇ. ಗಂಡಿನ ತಂದೆ ಒಂದು ಮಾತು ಕೇಳಿದರಂತೆ, ಇದರ ಖರ್ಚು ಯಾರದು ಎಂದು. ಮುನೀಮರು ತಮ್ಮದೆಂದರು. ಅಲ್ಲಿಗೆ ಮುಗಿಯಿತು.

ಮದುವೆ ಮರುದಿನ ಮಧ್ಯಾಹ್ನ, ಪತ್ರಿಕೆಯಲ್ಲಿದ್ದ ಮುಹೂರ್ತಕ್ಕೆ ಮುಕ್ಕಾಲು ಗಂಟೆ ತಡವಾಗಿ. ಫೇಟಾ ಸುತ್ತಿಸಿಕೊಂಡ ನಾಲ್ವರು ಬೆವರಿನಲ್ಲಿ ತೊಯ್ದರು. ಧ್ವನಿವರ್ಧಕದಲ್ಲಿ ಮಂಗಲಾಷ್ಟಕ, ಜೋಳ ಬೆರೆಸಿದ ಅಕ್ಷತೆ, ಬುಂದಿ, ವರಣ-ಅನ್ನ, ಬದನೆಕಾಯಿ ಪಲ್ಯ. ಊಟದ ಬಗ್ಗೆ ದೂರುವಂತಹದೇನೂ ಇರಲಿಲ್ಲ, ಹೊಗಳುವಂತಹದು ಶೇಂಗಾ ಚಟ್ನಿ.

ನೋಡಬೇಕಾದದ್ದು ಊಟದ ನಂತರ ನಡೆಯಿತು. ಹೆಂಗಸರು ವಧೂವರರನ್ನು ಸುತ್ತುವರಿದು ಹೆಸರು ಹೇಳಲು ಕೂಡಿಸಿದರು. ಮರಾಠಿಯಲ್ಲಿ ಇದು ಉಖಾಣೆ, ಕನ್ನಡದಲ್ಲಿ ಒಡಪು. ಗಂಡನ ಹೆಸರನ್ನು ಪ್ರಾಸದೊಳಗೆ ಕಟ್ಟಿ ಹೇಳುವ ಈ ಪದ್ಧತಿಗೆ ಗಡಿ ಇಲ್ಲ. ಮದುಮಗಳು ಮರಾಠಿಯಲ್ಲಿ ಒಂದು ಹೇಳಿದಳು. ಗಂಡಿನ ಕಡೆಯವರು ಚಪ್ಪಾಳೆ ತಟ್ಟಿದರು. ಆಗ ಉಮರ್ಗಾದಿಂದ ಬಂದ ಆಯಿ ಮೂಲೆಯಿಂದ, "ತಂಗಿ, ಈಗ ನಮ್ಮ ಮಾತಿನಾಗ ಹೇಳವಾ" ಎಂದರು. ಸ್ವಲ್ಪ ಹೊತ್ತು ಸುಮ್ಮನಾಯಿತು. ಹುಡುಗಿ ಅತ್ತೆಯ ಮುಖ ನೋಡಿದಳು. ಅತ್ತೆ ಏನೂ ಹೇಳಲಿಲ್ಲ. ಹೇಳಿದವರು ಅವರ ಪಕ್ಕದಲ್ಲಿದ್ದ ಗಂಡಿನ ಕಾಕು, ಐವತ್ತೈದರ ಹೆಂಗಸು: "ಹೇಳವಾ, ನಾನೂ ಕೇಳ್ತೀನಿ." ಶುದ್ಧ ಭಾಲ್ಕಿಯ ಕನ್ನಡ.

ಆಕೆಯ ತವರು ಭಾಲ್ಕಿ ಎಂಬುದು ಮನೆಯವರಿಗೆ ಗೊತ್ತಿತ್ತು. ಕನ್ನಡ ಇನ್ನೂ ಬಾಯಲ್ಲಿದೆ ಎಂಬುದು ಬಹಳ ಜನಕ್ಕೆ ಗೊತ್ತಿರಲಿಲ್ಲ. ಮೂವತ್ತು ವರ್ಷಗಳಿಂದ ಆ ಮನೆಯಲ್ಲಿ ಅದನ್ನಾಡಲು ಯಾರೂ ಇರಲಿಲ್ಲ. ಮದುಮಗಳು ಕನ್ನಡದ ಒಡಪು ಹೇಳಿದಳು. ಅನಂತರ ಕಾಕು ತಾವೂ ಒಂದು ಹೇಳಿದರು, ನಡುವೆ ಒಂದು ಸಾಲು ಮರೆತು ನಿಂತರು. ಮರೆತ ಸಾಲನ್ನು ಆಯಿ ಎತ್ತಿಕೊಟ್ಟರು. ಮದುಮಗಳ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೊಗೆಯ ಮೇಲೆ ತಪ್ಪು ಹಾಕಿದರು. ಅಲ್ಲಿ ಒಲೆ ಇರಲಿಲ್ಲ.

ಕಿರಾಣಿಯವರು ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದರು.

ಮರಳುವಾಗ ಬ್ಯಾಂಕಿನವರನ್ನು ಭಾಲ್ಕಿಯಲ್ಲಿ ಇಳಿಸುವ ಸಲುವಾಗಿ ಕಮಲನಗರದ ದಾರಿ ಹಿಡಿದರು. ಉದಗೀರ ಬಿಟ್ಟು ಸ್ವಲ್ಪದರಲ್ಲೇ ಗಡಿ ಬರುತ್ತದೆ. ನಾಕೆಯಿಲ್ಲ, ಎರಡು ಸೀರೆ ಉಡಬೇಕಿಲ್ಲ. ರಸ್ತೆಯ ಡಾಂಬರಿನ ಬಣ್ಣ ಬದಲಾಗುತ್ತದೆ, ಫಲಕಗಳ ಅಕ್ಷರ ಬದಲಾಗುತ್ತದೆ. ಆಯಿ ಈ ಸಲ ಕೇಳಲಿಲ್ಲ. ನಿದ್ದೆಯಲ್ಲಿದ್ದರು.

ಕಮಲನಗರ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹುಟ್ಟಿದ ಊರು. ನಿಜಾಮರ ಕಾಲದಲ್ಲಿ ಶಾಲೆಗೆ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಅವರ ಹೆಸರು ಬೀದರ ಸೀಮೆಯಲ್ಲಿ ಮನೆಮಾತು. ಮಾಸ್ತರರು ಈ ಸಂಗತಿಯನ್ನು ಹುಡುಗನಿಗೆ ಹೇಳಿದರು, ಕಿರಾಣಿಯವರ ಕಡೆಗೆ ತಿರುಗದೆ ಹೇಳಿದರು. ಗೆಳೆತನದಲ್ಲಿ ಅಷ್ಟು ಮರ್ಯಾದೆ ಅವರು ಉಳಿಸಿಕೊಂಡರು. ಹುಡುಗ ಕೇಳಿದ್ದು ಒಂದೇ: "ಇನ್ಸ್‌ಪೆಕ್ಟರ್ ಒಳಗ ಬಂದ್ರ ಏನ್ ಮಾಡ್ತಿದ್ರು ಸರ್?" ಮಾಸ್ತರರು ನಕ್ಕು, ಹುಡುಗರು ಪುಸ್ತಕ ಬದಲಿಸುವಷ್ಟು ಚುರುಕಾಗಿದ್ದಿರಬೇಕು ಎಂದರು.

ಅಲ್ಲಿಂದ ಮುಂದೆ ಹುಡುಗ ಕಿಟಕಿಗೆ ಅಂಟಿಕೊಂಡು ಪ್ರತಿಯೊಂದು ಫಲಕ ಓದತೊಡಗಿದ. ಗ್ರಾಮ ಪಂಚಾಯತಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಹಾಲಿನ ಡೇರಿ, ಗೊಬ್ಬರದ ಅಂಗಡಿ, ಸರಕಾರಿ ಹಿರಿಯ ಪ್ರಾಥಮಿಕ ಶಾಲೆ. ಪುಸ್ತಕದಲ್ಲಿ ಮಾತ್ರ ಕಾಣುವ ಅಕ್ಷರ ಇಷ್ಟು ದೊಡ್ಡದಾಗಿ ಗೋಡೆಗಳ ಮೇಲೆ ಬರೆದದ್ದು ಅವನಿಗೆ ಹೊಸದು. ಭಾಲ್ಕಿಯಲ್ಲಿ ಇಳಿದ ಬ್ಯಾಂಕಿನವರು ಅವನ ತಲೆ ಸವರಿ, "ನಮ್ಮ ಹುಡುಗ ಇಷ್ಟು ಲಗೂ ಓದಾಂಗಿಲ್ಲ ನೋಡು" ಎಂದು ಕಿರಾಣಿಯವರಿಗೆ ಹೇಳಿ ಚೀಲ ಎತ್ತಿಕೊಂಡು ಹೋದರು.

ಹುಲಸೂರು, ಬಸವಕಲ್ಯಾಣ ದಾಟಿ ಹೆದ್ದಾರಿಗೆ ಬರುವಾಗ ಕತ್ತಲಾಗಿತ್ತು. ತಲಮೋಡದ ಹತ್ತಿರ ಮತ್ತೆ ಮಹಾರಾಷ್ಟ್ರ. ಲಾರಿಗಳ ಬೆಳಕಿನಲ್ಲಿ ಫಲಕಗಳು ಮರಾಠಿಯಾದವು. ಹುಡುಗ ನಿಲ್ಲಿಸಲಿಲ್ಲ. ಅದೇ ಧಾಟಿಯಲ್ಲಿ, ಅದೇ ವೇಗದಲ್ಲಿ ಅವನ್ನೂ ಓದುತ್ತ ಬಂದ. ಸಾಕೋ ಎಂದು ತಂದೆ ಎರಡು ಸಲ ಗದರಿದರು. ಮೂರನೆಯ ಸಲ ಗದರಲಿಲ್ಲ.

ಉಮರ್ಗಾದ ಅದೇ ಚಹಾದಂಗಡಿಯ ಮುಂದೆ ಗಾಡಿ ನಿಂತಿತು. ಬಾಡಿಗೆಯ ಲೆಕ್ಕ ಹಾಕಿ ಹಂಚಿಕೊಂಡರು, ಬ್ಯಾಂಕಿನವರ ಪಾಲನ್ನು ಮೊಬೈಲಿನಲ್ಲಿ ತರಿಸಿಕೊಂಡರು. ಹಣ ಕೊಡಲು ಕಿಸೆಗೆ ಕೈ ಹಾಕಿದಾಗ ಕಿರಾಣಿಯವರ ಕೈಗೆ ನೋಟುಗಳ ಜೊತೆ ಮಡಚಿದ ಅರ್ಜಿಯೂ ಬಂತು. ಅವರು ನೋಟು ಎಣಿಸಿ ಕೊಟ್ಟು, ಕಾಗದವನ್ನು ಮತ್ತೆ ಅದೇ ಕಿಸೆಗೆ ಇಟ್ಟುಕೊಂಡರು. ಮಾಸ್ತರರು ಆಯಿಯ ಕೈ ಹಿಡಿದು ಗಾಡಿಯಿಂದ ಇಳಿಸುತ್ತಿದ್ದರು.